ಹನ್ನೆರಡನೆಯ ಮುಖ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೈ ಏಳಲಿಲ್ಲ. ನಿಮ್ಮಪ್ಪ ಹೋದ ಮೇಲೆ ಅವನ ಪೆಟ್ಟಿಗೆಯಲ್ಲಿ ಸಿಕ್ಕಿದ ಹನ್ನೆರಡು ಕೊಲಾಜ್‌ಗಳನ್ನು ಪ್ರದರ್ಶನಕ್ಕೆ ಇಡುತ್ತಾರೆಂದು ಬರೆದಿದ್ದೀಯ. ಎಲ್ಲದರಲ್ಲೂ ಒಬ್ಬಳು ಹೆಂಗಸಿದ್ದಾಳೆ, ಇವಳು ಯಾರು ಅತ್ತೆ ಎಂದು ಕೇಳಿದ್ದೀಯ. ಪಿಟೀಲು ವಿದ್ವಾಂಸರ ಹರೆಯದ ಗುಟ್ಟಿರಬೇಕು ಎಂದು ಅಲ್ಲಿಯವರು ತಮಾಷೆ ಮಾಡಿದರಂತೆ. ಮಾಡಲಿ ಬಿಡು. ಅವಳು ನಮ್ಮಮ್ಮ.

ನನಗೆ ಹನ್ನೊಂದು, ನಿಮ್ಮಪ್ಪನಿಗೆ ನಾಲ್ಕು ಇದ್ದಾಗ ಅಮ್ಮ ಮನೆ ಬಿಟ್ಟು ಹೋದಳು. ಅಪ್ಪ ಅವಳ ಫೋಟೋಗಳನ್ನೆಲ್ಲ ಒಲೆಗೆ ಹಾಕಿದರು. ಅಂದಿನಿಂದ ತಮ್ಮನ ತಲೆ ಬಾಚಿದವಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ನಾನು.

ಹದಿನಾರನೆಯ ವಯಸ್ಸಿನಲ್ಲಿ ಅವನು ಮೆಟ್ಟಿಲಿಂದ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಏಳು ತಿಂಗಳು ಹಾಸಿಗೆ ಹಿಡಿದ. ನಾನಾಗ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದೆ. ಅಲ್ಲಿ ಕಾಯುವವರ ಬೆಂಚಿನ ಮೇಲೆ ಹಳತಾದ ವಾರಪತ್ರಿಕೆಗಳನ್ನು ಅವನಿಗೆ ತಂದುಕೊಡುತ್ತಿದ್ದೆ. ಓದಿಕೊಂಡಿರುತ್ತಾನೆ ಅಂದುಕೊಂಡರೆ, ಅಪ್ಪ ಬಿಸಾಡಿದ ಬ್ಲೇಡು ಹಿಡಿದು ಕತ್ತರಿಸತೊಡಗಿದ. ಸೋಪಿನ ಜಾಹೀರಾತಿನಿಂದ ಹಣೆ, ಹೊಲಿಗೆ ಯಂತ್ರದ ಜಾಹೀರಾತಿನಿಂದ ಬಾಗಿದ ಕತ್ತು, ಯಾವಳೋ ನಟಿಯ ಒಂದು ಕಣ್ಣು, ಇನ್ಯಾವಳದೋ ಇನ್ನೊಂದು. ಮೈದಾ ಅಂಟಿನಿಂದ ರಟ್ಟಿಗೆ ಅಂಟಿಸಿ ನನ್ನ ಮುಂದೆ ಹಿಡಿಯುತ್ತಿದ್ದ.

“ಅಕ್ಕ, ಅಮ್ಮ ಹೀಗಿದ್ಲಾ?”

“ಇಲ್ಲ ಕಣೋ. ಗಲ್ಲ ಇಷ್ಟು ಚೂಪಿರ್ಲಿಲ್ಲ.”

ಹನ್ನೊಂದು ಸಲ ನಾನು ನಿಜವನ್ನೇ ಹೇಳಿದೆ. ಹನ್ನೆರಡನೆಯ ಸಲ, ಕೆಲಸದಿಂದ ಬಂದು ಚಪ್ಪಲಿ ಕೂಡ ಬಿಟ್ಟಿರಲಿಲ್ಲ, ರಟ್ಟಿನ ಮೇಲೆ ಅವಳೇ ಕೂತಿದ್ದಳು. ತುಸು ಕಿರಿದಾದ ಎಡಗಣ್ಣು ಸಹಿತ. ಅವನು ಆ ಕಾಗದದ ಚೂರುಗಳನ್ನು ನೋಡುತ್ತಿದ್ದ ರೀತಿ ಇತ್ತಲ್ಲ, ಸಾಕಿದ ನನ್ನನ್ನು ಒಂದು ದಿನವೂ ಹಾಗೆ ನೋಡಿರಲಿಲ್ಲ. ನನ್ನ ಹೊಟ್ಟೆ ಉರಿಯಿತು.

“ಚೂರೂ ಹೋಲಲ್ಲ. ಸಾಕು ಮಾಡು ಈ ಹುಚ್ಚಾಟ,” ಅಂದೆ.

ಅವನು ಹಾಸಿಗೆ ಮೇಲಿನ ಚೂರುಗಳನ್ನು ಒಂದೊಂದಾಗಿ ಆಯ್ದು ಪೊಟ್ಟಣ ಕಟ್ಟಿದ. “ಹೋಗ್ಲಿ ಬಿಡಕ್ಕ. ಮುಖ ನಂಗೆ ಸಿಗಲ್ಲ. ದನಿ ಮಾತ್ರ ಸ್ವಲ್ಪ ನೆನಪಿದೆ.”

ಮತ್ತೆ ಬ್ಲೇಡು ಮುಟ್ಟಲಿಲ್ಲ. ದಿಂಬಿಗೊರಗಿ ಕೂರುವಷ್ಟಾದ ಮೇಲೆ, ಮಹಡಿಯಲ್ಲಿದ್ದ ಬ್ಯಾಂಡಿನವರ ಹಳೆ ಪಿಟೀಲು ಬೇಡಿ ತರಿಸಿಕೊಂಡ. ಮುಂದಿನದು ನಿನಗೆ ಗೊತ್ತು. ಅವನ ಪಿಟೀಲಿಗೆ ಹೆಣ್ಣಿನ ದನಿಯಿದೆ ಎಂದು ಜನ ಹೊಗಳುವಾಗ ನಾನು ತಲೆ ತಗ್ಗಿಸುತ್ತಿದ್ದೆ. ನನ್ನ ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೂ ಉಂಟು. ಆ ಸಮಾಧಾನ ಬಾಳಲಿಲ್ಲ.

ನೀಲಿ ಕಾಲರಿನ ಚಿತ್ರ ಇದೆಯಲ್ಲ, ಅದೇ ಹನ್ನೆರಡನೆಯದು. ಅದರ ಕೆಳಗೆ ‘ಅಮ್ಮ’ ಎಂದು ಬರೆಸು. ಮಿಕ್ಕವಕ್ಕೆ ಏನೂ ಬೇಡ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಆದರೆ ಉತ್ತರ ಬರಿ.

ನಿನ್ನ
ಸೋದರತ್ತೆ

ತಾ.ಕ.: ವಯಸ್ಸಾದಂತೆ ನನ್ನ ಮುಖ ಥೇಟ್ ಅಮ್ಮನದೇ ಆಯಿತು. ಕನ್ನಡಿಯಲ್ಲಿ ಅದನ್ನು ಕಂಡುಕೊಂಡ ಮೇಲೆ ಅವನ ಎದುರು ಕೂರುವುದನ್ನೇ ತಪ್ಪಿಸುತ್ತಿದ್ದೆ. ಕೊನೆಯ ವಾರ ಆಸ್ಪತ್ರೆಯಲ್ಲಿ, ನೀನು ಔಷಧಿ ತರಲು ಕೆಳಗೆ ಹೋಗಿದ್ದಾಗ, ಅವನು ತುಂಬಾ ಹೊತ್ತು ನನ್ನನ್ನೇ ನೋಡಿದ. “ಅಕ್ಕ, ಆ ಕೊನೇದು ಸರಿಯಾಗೇ ಇತ್ತಲ್ವಾ?” ಅಂದ. ಆಗಲೂ ನಾನು ಇಲ್ಲ ಅಂದೆ. ಅವನು ನಕ್ಕು, ನನ್ನ ಕೈ ಹಿಡಿದುಕೊಂಡು ಮಲಗಿದ.