ಬಾಗಿಲಲ್ಲಿ ಹಿಡಿಸದ ಮಂಚ

ಅಕ್ಕಾ,

ನೀನಿಲ್ಲ, ಗೊತ್ತು, ಆದರೂ ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಗೆದ್ದೆವು ಕಣೇ! ಕಡಲಾಚೆಯ ಊರಿನಲ್ಲಿರುವ, ನೀನು ದುಡ್ಡು ಕಳಿಸಿ ಓದಿಸುತ್ತಿದ್ದ, ನೀನು ಹೋದ ಮೇಲೆ ನಾನು ಓದಿಸುತ್ತಿರುವ ಹುಡುಗಿಗೆ ಇವತ್ತು ಮಂಚ ಬಂತು. ಇನ್ನು ಒದ್ದೆ ನೆಲದ ಮೇಲೆ ಕೆಮ್ಮುತ್ತಾ ಮಲಗುವ ಪಾಡು ಅವಳಿಗಿಲ್ಲ.

ನಮ್ಮ ದುಡ್ಡನ್ನು ಅವರಿಗೆ ತಲುಪಿಸುವ ಅಲ್ಲಿನ ಸಂಸ್ಥೆಯವಳು ವಿಡಿಯೋ ಕಾಲ್ ಮಾಡಿ, ಅವರ ಮಾತನ್ನೆಲ್ಲ ನನಗೆ ಬಿಡಿಸಿ ಹೇಳುತ್ತಾ ತೋರಿಸಿದಳು. ಮಂಚ ಬಾಗಿಲಲ್ಲಿ ಹಿಡಿಸಲೇ ಇಲ್ಲ. ಉದ್ದಕ್ಕೆ ನೂಕಿದರು, ಅಡ್ಡಕ್ಕೆ ತಿರುಗಿಸಿದರು, ಬೀದಿಯವರೆಲ್ಲ ಬಂದು ಪುಕ್ಕಟೆ ಬುದ್ಧಿ ಹೇಳಿದರು. "ವಾಪಸ್ ತಗೊಂಡು ಹೋಗ್ತೀನಿ" ಅಂದ ಗಾಡಿಯವನು. ಹುಡುಗಿಯ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತಳು. "ಮಂಚ ಎಲ್ಲಿಗೂ ಹೋಗಲ್ಲ. ಬಾಗಿಲ ಚೌಕಟ್ಟೇ ಕಿತ್ತುಹಾಕಿ!"

ಕಿತ್ತೇ ಬಿಟ್ಟರು! ಮಂಚ ಒಳಗೆ ಹೋಗುತ್ತಿದ್ದಂತೆ ನಾನಿಲ್ಲಿ ಹೊಲಿಗೆ ಮೆಷಿನ್ ಬಿಟ್ಟೆದ್ದು ಚಪ್ಪಾಳೆ ಹೊಡೆದೆ. ಅಳತೆ ಕೊಡಲು ಬಂದಿದ್ದ ಗಿರಾಕಿ, ಏನು ಎತ್ತ ಗೊತ್ತಿಲ್ಲದೆ, ತಾನೂ ಹೊಡೆದಳು.

ಹೊಸ ಹಾಸಿಗೆಯ ಮೇಲೆ ಹುಡುಗಿ ಅಂಗಾತ ಬಿದ್ದುಕೊಂಡಳು. "ಇಷ್ಟೂ ನನಗೊಬ್ಬಳಿಗೇನಾ?" ಅಂದಳು. "ಹೂಂ, ಇಷ್ಟೂ ನಿನಗೇ" ಅಂದೆ. ಒಂದು ಗಳಿಗೆ ಯೋಚಿಸಿದಳು. ಆಮೇಲೆ ಗೋಡೆಗೆ ಒತ್ತಿಕೊಂಡು ಅಜ್ಜಿಯನ್ನು ಪಕ್ಕಕ್ಕೆ ಕರೆದಳು.

ನೀನೂ ಹಾಗೇ ಮಲಗುತ್ತಿದ್ದೆ, ಅಕ್ಕಾ, ನಾನು ಕೈಕಾಲು ಚಾಚಲಿ ಅಂತ.