ನಾಲ್ಕನೇ ಹಾಡಿಗೆ ಉತ್ತರ

ಜನ್ನಾಪುರ, ಭದ್ರಾವತಿ
11 ನವೆಂಬರ್ 2025, ಮಂಗಳವಾರ

ಮಗಳೇ ಮಿತ್ರಾ,

ನೀನು ಮೈಸೂರಿನಲ್ಲಿ ಸುಖವಾಗಿರು. ನಾನು ಇಲ್ಲಿ ಒಂದು ಕಣ್ಣಿನ ಮಟ್ಟಿಗೆ ಸುಖವಾಗಿದ್ದೇನೆ. ಎಡಗಣ್ಣಿನ ಪೊರೆ ತೆಗೆಸಿ ಇವತ್ತಿಗೆ ಐದು ವಾರ. ಬಗ್ಗಿ ಬರೆಯಬಾರದು, ತಲೆಗೆ ನೀರು ಹಾಕಬಾರದು, ಒಲೆ ಮುಂದೆ ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದರು. ಮೂವತ್ತನಾಲ್ಕು ವರ್ಷ ಕಾರ್ಖಾನೆಯ ಕುಲುಮೆ ಮುಂದೆ ನಿಂತವನಿಗೆ ಗ್ಯಾಸ್ ಒಲೆ ಮುಂದೆ ನಿಲ್ಲಬೇಡ ಅಂದರೆ ಏನು ಹೇಳುವುದು. ಆದರೂ ನಿಲ್ಲಲಿಲ್ಲ. ಪಕ್ಕದ ಮನೆ ಶರಾವತಿ ಎರಡು ಹೊತ್ತೂ ಡಬ್ಬಿ ಕಳಿಸಿದಳು. ನಿನಗೆ ಉತ್ತರ ತಡವಾಗಿದ್ದಕ್ಕೆ ಇದು ಒಂದು ಕಾರಣ. ರಜೆ ಅರ್ಜಿಯಲ್ಲಿ ‘ಐ ಬೆಗ್ ಟು ಬಿ ಎಕ್ಸ್‌ಕ್ಯೂಸ್ಡ್’ ಎಂದು ಬರೆಯುತ್ತಿದ್ದೆವಲ್ಲ, ಹಾಗೆಂದುಕೋ.

ನಿನ್ನ ಕಾಗದ ಓದಿ ಓದಿ ಮಡಿಕೆಯ ಜಾಗ ಹರಿದಿದೆ. ‘ಅಪ್ಪ, ಫೋನಲ್ಲಿ ಕೇಳಿದ್ರೆ ನೀನು ಚೆನ್ನಾಗಿದೆ ಅಂತ ಹೇಳಿ ಇಟ್ಟುಬಿಡ್ತೀಯ. ಕೂತು ಕೇಳು, ಕೂತು ಬರಿ. ಬ್ಯಾಂಡ್ ಬಿಟ್ಟ ಮೇಲೆ ನಾನೊಬ್ಬಳೇ ಮಾಡಿದ ಮೊದಲನೇ ಆಲ್ಬಂ ಇದು. ನಾಲ್ಕನೇ ಹಾಡು ಅಮ್ಮ ಹೋದ ದಿನದ್ದು. ಅದು ಇರಲಾ, ತೆಗೀಲಾ, ನೀನೇ ಹೇಳ್ಬೇಕು. ತಿಂಗಳ ಕೊನೆಗೆ ಬಿಡುಗಡೆ’ ಎಂದು ಬರೆದಿದ್ದೀಯ. ಪೆನ್‌ಡ್ರೈವನ್ನು ಅಮ್ಮನ ಕುಂಕುಮದ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ.

ಕಾಲೇಜಿನಲ್ಲಿ ನಮಗೆ ಉಜ್ಜನಪ್ಪ ಎಂಬ ಇಂಗ್ಲಿಷ್ ಲೆಕ್ಚರರಿದ್ದರು. ಪ್ರೆಸಿ ಬರೆಸುತ್ತಿದ್ದರು. ಉದ್ದದ ಪ್ಯಾರಾ ಕೊಟ್ಟು, ಇದನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿ ಅನ್ನುವರು. ನಾನು ಇಳಿಸಿದ್ದು ಯಾವಾಗಲೂ ಮೂಲಕ್ಕಿಂತ ಉದ್ದವಾಗುತ್ತಿತ್ತು. ‘ರಂಗಪ್ಪ, ಕಮ್ ಟು ದಿ ಪಾಯಿಂಟ್’ ಎಂದು ಕಾಪಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವರು. ಅಲ್ಲಿಂದ ಮುಂದಕ್ಕೆ ನನ್ನ ಇಂಗ್ಲಿಷ್ ಹೋಗಲಿಲ್ಲ. ಅಪ್ರೆಂಟಿಸ್ ಕೆಲಸ ಸಿಕ್ಕಿತು, ಪುಸ್ತಕ ಮುಚ್ಚಿದೆ. ಈ ಕಾಗದವೂ ಹಾಗೇ ಸುತ್ತಾಡುತ್ತದೆ, ಸಹಿಸಿಕೋ.

ಹಾಡು ಕೇಳಿದ್ದು ಹೇಗೆ ಎಂದು ಹೇಳುತ್ತೇನೆ. ಮನೆಯಲ್ಲಿ ಪೆನ್‌ಡ್ರೈವ್ ಹಾಕಲು ಏನೂ ಇಲ್ಲ. ಕೊನೇ ಕ್ರಾಸಿನ ಬೀರಪ್ಪನ ಆಟೋದಲ್ಲಿ ಮಾತ್ರ ಎರಡು ಡಬ್ಬದಂಥ ಸ್ಪೀಕರುಗಳಿವೆ. ಕಣ್ಣು ತೋರಿಸಲು ಶಿವಮೊಗ್ಗಕ್ಕೆ, ಆಲ್ಕೊಳಕ್ಕೆ ಹೋಗಬೇಕಿತ್ತು. ಆ ದಾರಿಯಲ್ಲೇ ಕೇಳೋಣವೆಂದು ಅವನನ್ನು ಕರೆದೆ. ಕೂತು ಕೇಳು ಅಂದಿದ್ದೆಯಲ್ಲ, ಹಿಂದಿನ ಸೀಟಿನಲ್ಲಿ ಕೂತೇ ಕೇಳಿದೆ.

ಮೊದಲನೇ ಹಾಡಿಗೇ ಬೀರಪ್ಪ ತಿರುಗಿ ನೋಡಿದ.

‘ಅಣ್ಣ, ಪಾಪು ಹಾಡ್ತಿದಾಳೋ, ಯಾರಿಗಾದ್ರೂ ಬೈತಿದಾಳೋ?’

‘ಎರಡೂ ಇರ್ಬೋದು ಮಾರಾಯ. ನೀನು ರಸ್ತೆ ನೋಡು.’

ಎರಡನೆಯದಕ್ಕೆ ಅವನು ತಲೆ ಆಡಿಸಿದ. ‘ಇದಾದ್ರೆ ಓಕೆ. ಇದನ್ನ ಹಾಕಿದ್ರೆ ಕಾಲೇಜ್ ಹುಡುಗ್ರು ನಿಂತು ಹತ್ತುತಾರೆ’ ಅಂದ. ಅವನ ಲೆಕ್ಕದಲ್ಲಿ ಅದು ದೊಡ್ಡ ಮಾತು. ಮೂರನೆಯದರಲ್ಲಿ ಗಿಟಾರನ್ನು ನಮ್ಮ ಪಾಳಿಯ ಸೈರನ್ ಹಾಗೆ ಕೂಗಿಸಿದ್ದೀಯ. ನನ್ನ ಕೈ ತಾನಾಗಿ ಊಟದ ಡಬ್ಬಿ ಹುಡುಕಿತು. ನೀವು ಐದು ಜನ ಸೇರಿ ಬ್ಯಾಂಡಿಗೆ ‘ಮೂರನೇ ಪಾಳಿ’ ಎಂದು ಹೆಸರಿಟ್ಟಾಗ ಅಮ್ಮ ನಕ್ಕಿದ್ದು ನೆನಪಿದೆಯಾ? ‘ನಿಮ್ಮಪ್ಪಂಗೆ ಪಾಳಿ ಮುಗೀತು ಅಂದ್ಕೊಂಡ್ರೆ ಮನೇಗೇ ಬಂತಲ್ಲೇ ಮಾರಾಯ್ತಿ’ ಅಂದಿದ್ದಳು. ಆ ಹಿಂದಿನ ಶೆಡ್ಡಿನಲ್ಲಿ ಒಂಬತ್ತು ವರ್ಷ ನೀವು ಬಡಿದದ್ದು, ಮಧು ತನ್ನ ಡ್ರಮ್ಮಿನ ಮೇಲೆ ಅಮ್ಮನ ಹಳೇ ಸೀರೆ ಹೊದಿಸಿ ಸದ್ದು ಕಮ್ಮಿ ಮಾಡುತ್ತಿದ್ದದ್ದು, ನಿಮಗೆಲ್ಲ ಅವಳು ಮಂಡಕ್ಕಿ ಕಲಸಿ ಕೊಡುತ್ತಿದ್ದದ್ದು. ಶೆಡ್ಡಿನಲ್ಲಿ ಈಗ ಶರಾವತಿ ಸೌದೆ ಇಟ್ಟುಕೊಂಡಿದ್ದಾಳೆ.

ನಾಲ್ಕನೇ ಹಾಡು ಶುರುವಾದಾಗ ಆಲ್ಕೊಳ ಸರ್ಕಲ್ ಹತ್ತಿರ ಬಂದಿತ್ತು. ಡ್ರಮ್ ಬರುತ್ತದೆ ಎಂದು ಕಾದೆ. ಬರಲಿಲ್ಲ. ಹಾಡಿನ ಉದ್ದಕ್ಕೂ ತಾಳ ಬೀಳಬೇಕಾದ ಕಡೆಯೆಲ್ಲ ಖಾಲಿ ಬಿಟ್ಟಿದ್ದೀಯ. ಆಮೇಲೆ ಆ ಸಾಲು.

‘ನನ್ನಮ್ಮನ ಉಸಿರನ್ನು ಜೇಬಲ್ಲಿಟ್ಟು
ತಾಳ ತಪ್ಪದೆ ಬಾರಿಸಿದವನೇ.’

ಬೀರಪ್ಪ ಆಟೋ ಪಕ್ಕಕ್ಕೆ ಹಾಕಿದ. ಎಂಜಿನ್ ಆರಿಸಿ ಹಾಡು ಮುಗಿಯಲು ಬಿಟ್ಟ. ಆಮೇಲೆ ಕೇಳಿದ, ‘ಯಾರಣ್ಣ ಅವನು? ಸುದ್ದಿ ಬಂದ್ರೂ ಜೇಬಲ್ಲಿ ಇಟ್ಕೊಂಡೋನು?’

ನಾನು ಕನ್ನಡಕ ಒರೆಸಿದೆ.

‘ಯಾರೇ ಆಗ್ಲಿ, ಅವನ ಮನೆ ಹಾಳಾಗ’ ಅಂದ.

‘ಹಂಗನ್ಬೇಡ ಬೀರಪ್ಪ’ ಅಂದೆ. ಅಷ್ಟೇ ಅಂದೆ.

ಹಾಡಿನಲ್ಲಿ ನೀನು ಹಾಕಿರುವ ಹೊತ್ತು ಗಳಿಗೆಯೆಲ್ಲ ಸರಿ ಇದೆ. ಲಾಗ್ ಬುಕ್ಕಿನ ಹಾಗಿದೆ. ಆ ಫೆಬ್ರವರಿಯ ಸಂಜೆ ನೀವು ದಾವಣಗೆರೆಯ ಕಾಲೇಜಿನಲ್ಲಿ ಹಾಡುತ್ತಿದ್ದಿರಿ. ಅಮ್ಮ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಳು. ಆರೂಕಾಲಿಗೆ ನಾನು ಮಧುವಿನ ಫೋನಿಗೆ ಮಾಡಿದೆ. ಅಮ್ಮ ಹೋದದ್ದು ಎಂಟಕ್ಕೆ ಹತ್ತು ನಿಮಿಷ ಇರುವಾಗ. ಅವನು ನಿನಗೆ ಹೇಳಿದ್ದು ಎಂಟೂವರೆಗೆ, ಕೊನೆಯ ಹಾಡಿಗೆ ತಾಳ ಹಾಕಿ, ಕಡ್ಡಿ ಕೆಳಗಿಟ್ಟು. ಅವನ ಫೋನಿನಲ್ಲಿ ನನ್ನ ನಂಬರನ್ನೂ ಹೊತ್ತನ್ನೂ ನೀನೇ ನೋಡಿದೆ. ‘ನಿಂಗೆ ಆಗ್ಲೇ ಗೊತ್ತಿತ್ತಾ?’ ಎಂದು ಕೇಳಿದೆಯಂತೆ. ‘ಹೂಂ’ ಅಂದನಂತೆ. ಹನ್ನೊಂದನೇ ದಿನದ ಕಾರ್ಯ ಮುಗಿದ ಸಂಜೆಯೇ ನೀನು ಬ್ಯಾಂಡ್ ಬಿಟ್ಟೆ.

ಮಧು ಹೋದ ಭಾನುವಾರ ಬಂದಿದ್ದ. ಕೋಪ ಮಾಡಿಕೊಳ್ಳಬೇಡ, ನಾನು ಕರೆದಿರಲಿಲ್ಲ. ಕಣ್ಣಿನ ಆಪರೇಷನ್ ಸುದ್ದಿ ಯಾರಿಂದಲೋ ಕೇಳಿ ಬಂದ. ಈಗ ಶಿವಮೊಗ್ಗದ ಗೋಪಾಳದಲ್ಲಿ ಒಂದು ಮಹಡಿ ರೂಮಿನಲ್ಲಿ ಮಕ್ಕಳಿಗೆ ಡ್ರಮ್ ಹೇಳಿಕೊಡುತ್ತಾನೆ. ನೀನು ಬಿಟ್ಟ ಮೇಲೆ ಬ್ಯಾಂಡ್ ನಾಲ್ಕು ತಿಂಗಳು ಎಳೆದು ನಿಂತುಹೋಯಿತಂತೆ. ಕೂದಲು ಕತ್ತರಿಸಿದ್ದಾನೆ. ಬಾಗಿಲಲ್ಲಿ ನಿಂತಾಗ ಯಾವುದೋ ಬ್ಯಾಂಕಿನವರು ಅಂದುಕೊಂಡೆ.

ಹಾಡಿನ ಆ ಎರಡು ಸಾಲನ್ನು ನೀನು ಮೊದಲೇ ಫೋನಿನಲ್ಲಿ ಎಲ್ಲರೂ ಕೇಳುವಂತೆ ಹಾಕಿದ್ದೀಯಂತೆ. ಜನ ಯಾರು ಯಾರು ಎಂದು ಕೆದಕಿ ಅವನ ಹೆಸರು ಹುಡುಕಿದ್ದಾರೆ. ಕ್ಲಾಸಿಗೆ ಬರುತ್ತಿದ್ದ ಹದಿನಾಲ್ಕು ಮಕ್ಕಳಲ್ಲಿ ಆರು ಜನರನ್ನು ತಾಯಂದಿರು ಬಿಡಿಸಿದ್ದಾರೆ. ಇದನ್ನು ಅವನಾಗಿ ಹೇಳಲಿಲ್ಲ. ಮಕ್ಕಳು ಎಷ್ಟಪ್ಪ ಎಂದು ನಾನೇ ಕೇಳಿದ್ದಕ್ಕೆ ಬಂದ ಮಾತು.

‘ಹಾಡು ಕೇಳಿದ್ಯಾ?’ ಅಂದೆ.

‘ಎರಡು ಸಾಲು ಕೇಳ್ದೆ ಅಂಕಲ್. ಚೆನ್ನಾಗಿದೆ. ಅವಳು ಉಸಿರು ತಗೊಳ್ಳೋ ಜಾಗ ಬದಲಾಗಿದೆ. ಮೊದಲೆಲ್ಲ ಅಲ್ಲಿ ನಾನೊಂದು ಏಟು ಹಾಕ್ತಿದ್ದೆ, ಆ ಸಂದೀಲಿ ತಗೊಳ್ತಿದ್ಲು. ಈಗ ಮೊದಲೇ ತಗೊಂಡು ಇಟ್ಕೊಳ್ತಾಳೆ.’

ಗೋಡೆಯ ಮೇಲೆ ಸಕ್ರೆಬೈಲಿನ ಫೋಟೋ ಇದೆಯಲ್ಲ, ಆನೆಮರಿಗೆ ಹೆದರಿ ಅಮ್ಮ ಮಧುವಿನ ಬೆನ್ನ ಹಿಂದೆ ನಿಂತಿರುವುದು. ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ಮಲಗಿಸಿ ಕಣ್ಣಿಗೆ ಔಷಧಿಯ ಹನಿ ಹಾಕಿದ. ಹೋಗುವಾಗ ಬಾಗಿಲಲ್ಲಿ ಒಂದು ಮಾತು ಹೇಳಿದ. ಅದನ್ನು ಆಮೇಲೆ ಬರೆಯುತ್ತೇನೆ.

(ಬುಧವಾರ. ನಿನ್ನೆ ಕಣ್ಣಲ್ಲಿ ನೀರು ಬಂದು ನಿಲ್ಲಿಸಿದೆ.)

ಎಲ್ಲಿದ್ದೆ? ಜೇಬಿನ ವಿಷಯ. ನಿನ್ನ ಅಜ್ಜ ಸತ್ತ ದಿನದ ಕಥೆ ನಿನಗೆ ಹೇಳಿದ್ದೇನೋ ಇಲ್ಲವೋ. ನಾನಾಗ ಇಪ್ಪತ್ತಾರರವನು. ಮೊದಲನೇ ಪಾಳಿ. ಹತ್ತು ಗಂಟೆಗೆ ಊರಿನಿಂದ ಯಾರೋ ಬಂದು ಗೇಟಿನಲ್ಲಿ ಚೀಟಿ ಕೊಟ್ಟಿದ್ದಾರೆ. ಚೀಟಿ ಫೋರ್‌ಮನ್ ಹೊನ್ನಯ್ಯನವರ ಕೈಗೆ ಬಂದಿದೆ. ಅವರು ಓದಿ, ನಾಲ್ಕು ಮಡಿಕೆ ಮಾಡಿ, ಖಾಕಿ ಅಂಗಿಯ ಜೇಬಿಗಿಟ್ಟುಕೊಂಡು, ನನ್ನ ಪಕ್ಕದಲ್ಲೇ ಎರಡು ಗಂಟೆಯವರೆಗೆ ನಿಂತಿದ್ದರು. ಕುಲುಮೆಯಿಂದ ಉಕ್ಕು ಸುರಿಯುವ ಹೊತ್ತು ಅದು. ಸೈರನ್ ಆದ ಮೇಲೆ ‘ರಂಗಪ್ಪ, ಕೈ ತೊಳ್ಕೊಂಡ್ ಬಾ’ ಅಂದರು. ಕೈ ಒರೆಸಿಕೊಂಡು ಬಂದ ಮೇಲೆ ಚೀಟಿ ಕೊಟ್ಟರು.

ನಮ್ಮಲ್ಲಿ ಅದೇ ಪದ್ಧತಿ. ಎಲ್ಲಿಯೂ ಬರೆದಿರಲಿಲ್ಲ, ಆದರೆ ಯಾರೂ ಮೀರುತ್ತಿರಲಿಲ್ಲ. ಕುಲುಮೆ ಮುಂದೆ ನಿಂತವನಿಗೆ ಮನೆಯ ಸುದ್ದಿ ಹೇಳಬಾರದು. ಕಣ್ಣಲ್ಲಿ ನೀರು ತುಂಬಿದವನು ಒಂದು ಹೆಜ್ಜೆ ತಪ್ಪಿಟ್ಟರೆ ಅವನೂ ಇಲ್ಲ, ಪಕ್ಕದವನೂ ಇಲ್ಲ. ‘ಸೇಫ್ಟಿ ಫಸ್ಟ್’ ಬೋರ್ಡಿನ ನಿಜವಾದ ಅರ್ಥ ಅದು ಎಂದು ನಾವು ನಂಬಿದ್ದೆವು. ಹೊನ್ನಯ್ಯನವರ ಮೇಲೆ ನನಗೆ ಒಂದು ದಿನವೂ ಕೋಪ ಬರಲಿಲ್ಲ. ಅವರು ಸತ್ತಾಗ ಹೆಗಲು ಕೊಟ್ಟೆ. ಮುಂದೆ ನಾನೂ ಇಬ್ಬರ ಚೀಟಿಯನ್ನು ಹಾಗೆಯೇ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಅವರೂ ನನ್ನ ಕೈ ಹಿಡಿದುಕೊಂಡರೇ ಹೊರತು ಬೈಯಲಿಲ್ಲ.

ಇದನ್ನೆಲ್ಲ ಏಕೆ ಬರೆಯುತ್ತಿದ್ದೇನೆ ಅನ್ನುತ್ತೀಯ. ಆಯಾಸವಾಗಿದೆ ಮಗಳೇ. ಕಣ್ಣಿನ ಆಯಾಸವಲ್ಲ.

ಉಳಿದ ಸುದ್ದಿ ಏನಿಲ್ಲ. ನಿನ್ನ ಆಲ್ಬಂನ ಬಾಕಿ ಹಾಡುಗಳೂ ಚೆನ್ನಾಗಿವೆ. ಏಳನೆಯದರಲ್ಲಿ ನಿನ್ನ ಗಂಟಲು ಸ್ವಲ್ಪ ಒಡೆದಿದೆ, ಅದನ್ನು ಸರಿಮಾಡಿಸಬೇಡ, ಹಾಗೇ ಇರಲಿ. ಒಬ್ಬಳೇ ಇಷ್ಟು ಮಾಡಿದ್ದೀಯ. ಅಮ್ಮ ಇದ್ದಿದ್ದರೆ ‘ಇಷ್ಟು ಕೂಗಿದ್ರೆ ಗಂಟಲಿಗೆ ಏನಾಗ್ಬೇಕು’ ಎಂದು ಬೈದು, ಆಮೇಲೆ ಬೀದಿಗೆಲ್ಲ ನಿನ್ನ ಹಾಡು ಕೇಳಿಸುತ್ತಿದ್ದಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಎಲ್ಲಿ ನಿಂತು ಹಾಡಿದರೂ ಆ ಜಾಗ ನಿನಗೆ ತಣ್ಣಗಿರಲಿ.

ನಿನ್ನ ಅಪ್ಪ,
ರಂಗಪ್ಪ

ಮರೆತ ಮಾತು: ಮರೆತದ್ದಲ್ಲ. ಉಜ್ಜನಪ್ಪನವರು ಕೇಳುತ್ತಿದ್ದ ಪಾಯಿಂಟ್ ಇದು, ಇಲ್ಲಿಗಾದರೂ ಬರುತ್ತೇನೆ.

ಆ ಸಂಜೆ ಆರೂಕಾಲಿಗೆ ಮಧುವಿಗೆ ಫೋನ್ ಮಾಡಿ ನಾನು ಹೇಳಿದ್ದು ಹೀಗೆ: ‘ಪುಷ್ಪಂಗೆ ಜೋರಾಗಿದೆ. ಡಾಕ್ಟ್ರು ಕೈ ಬಿಟ್ರು. ಮಿತ್ರಂಗೆ ಈಗ ಹೇಳ್ಬೇಡ. ಅವಳು ಕುಲುಮೆ ಮುಂದೆ ನಿಂತಿದಾಳೆ. ಮುಗೀಲಿ, ಆಮೇಲೆ ಹೇಳು.’ ಅವನು ‘ಇಲ್ಲ ಅಂಕಲ್, ಇದು ಸರಿ ಅಲ್ಲ, ಅವಳು ಇಲ್ಲೇ ಇದಾಳೆ, ಫೋನ್ ಕೊಡ್ತೀನಿ’ ಅಂದ. ‘ಹೇಳಿದ್ರೆ ನನ್ನಾಣೆ’ ಎಂದು ಹೇಳಿ ಇಟ್ಟುಬಿಟ್ಟೆ. ನೀವು ಇನ್ನೂ ವೇದಿಕೆ ಹತ್ತಿರಲಿಲ್ಲ.

ಹನ್ನೊಂದನೇ ದಿನ ನೀನು ಅಡುಗೆಮನೆಯಲ್ಲಿ ನಿಂತು ‘ನೀನು ಫೋನ್ ಮಾಡಿದ್ರೂ ಅವನು ಹೇಳ್ಲಿಲ್ವಲ್ಲ ಅಪ್ಪ’ ಎಂದು ಅತ್ತೆ. ನಾನು ತೆಂಗಿನಕಾಯಿ ಸುಲಿಯುತ್ತಿದ್ದೆ. ‘ಹೂಂ’ ಅಂದೆ. ಆ ಒಂದು ‘ಹೂಂ’ ಮೇಲೆ ನೀನು ಬ್ಯಾಂಡ್ ಬಿಟ್ಟೆ, ಈ ಹಾಡು ಬರೆದೆ. ಮಧು ಹೋದ ಭಾನುವಾರ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: ‘ಅಂಕಲ್, ನಾನು ಹೇಳಲ್ಲ. ನೀವು ಹೇಳಿ ಅಂತಾನೂ ಹೇಳಲ್ಲ.’

ಹೇಳಿದ್ದರೂ ಎಂಟಕ್ಕೆ ಮುಂಚೆ ನೀನು ಶಿವಮೊಗ್ಗ ತಲುಪುತ್ತಿರಲಿಲ್ಲ ಎಂದು ಎಷ್ಟೋ ಸಲ ದಾರಿ ಅಳೆದಿದ್ದೇನೆ. ಅಳೆದು ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಏಳು ಗಂಟೆಗೆ ಅಮ್ಮನಿಗೆ ಎಚ್ಚರವಾಗಿತ್ತು. ‘ರೀ, ಮಿತ್ರಂಗೆ ಫೋನ್ ಮಾಡಿ. ಹಾಡ್ತಿದ್ರೂ ಪರವಾಗಿಲ್ಲ. ಅಲ್ಲಿ ಯಾರಾದ್ರೂ ಹಂಗೇ ಹಿಡ್ಕೊಳ್ಳಲಿ, ನಾನು ಕೇಳ್ತೀನಿ’ ಅಂದಳು. ನಾನು ‘ಇರು, ಮುಗೀಲಿ’ ಅಂದೆ. ಎರಡು ಸಲ ಕೇಳಿದಳು. ಎರಡು ಸಲವೂ ಅದನ್ನೇ ಅಂದೆ. ಫೋನು ನನ್ನ ಅಂಗಿಯ ಜೇಬಿನಲ್ಲಿತ್ತು.

ಹಾಡು ಇರಲಿ, ತೆಗೆಯಬೇಡ. ಆ ಎರಡನೇ ಸಾಲು ಮಾತ್ರ ಬದಲಾಯಿಸು, ತಾಳ ಹಾಕಿದವನದಲ್ಲ ಆ ಜೇಬು. ಮಧುವಿನ ನಂಬರು ಹಳೆಯದೇ ಇದೆ. ಇದನ್ನು ಓದಿದ ಕೂಡಲೇ ಅವನಿಗೆ ಫೋನ್ ಮಾಡು. ನನಗೆ ಆಮೇಲೆ ಮಾಡಿದರೂ ಆಗುತ್ತದೆ.