ನಿಮ್ಮ ಬಿಯರ್ ಹಂಡೆಯ ಮುಚ್ಚಳ

ರೀ,

ಮದುವೆಯಾದಾಗಿನಿಂದ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಕಾಗದದ ಮೇಲೆ ಶುರುಮಾಡಿದರೆ ಬೇರೆ ಯಾರಿಗೋ ಬರೆದಂತಾಗುತ್ತದೆ. ಹಾಗಾಗಿ 'ರೀ' ಎಂದೇ ಇರಲಿ. ಹಿಲ್ಸ್‌ಬರೋದ ನಮ್ಮ ಗರಾಜಿನಲ್ಲಿ, ನಿಮ್ಮ ಮಡಚುವ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ಮನೆಯಲ್ಲೇ ಬಿಯರ್ ಮಾಡಲೆಂದು ತಂದ, ನಲ್ಲಿಯಿರುವ ನಿಮ್ಮ ಉಕ್ಕಿನ ಹಂಡೆ ಇದೆ. ನಾಳೆ ಮಹಾಲಯ ಅಮಾವಾಸ್ಯೆ, ನೀವು ಹೋದ ಮೇಲೆ ಬಂದ ಮೊದಲನೆಯದು. ನಿಮಗೆ ಎಡೆ ಇಡಬೇಕು.

ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾದಾಗ ನೀವು ಅಳಲಿಲ್ಲ. ಮಾರ್ಚಿನಲ್ಲಿ ಡಾಕ್ಟರು ಗುಣವಾಗುವ ಮಾತು ಬಿಟ್ಟು ನೋವು ಕಡಿಮೆ ಮಾಡುವ ಮಾತು ಶುರುಮಾಡಿದಾಗಲೂ ಅಳಲಿಲ್ಲ. ಕಾರಿನಲ್ಲಿ ಮನೆಗೆ ಬರುತ್ತಾ, "ನಳಿನಾ, ನನ್ನ ಕೈಯಾರೆ ಇನ್ನೊಂದ್ಸಲ ಬಿಯರ್ ಕಾಯಿಸ್ಬೇಕು ಕಣೆ. ಗಂಟಲು ಪೂರ್ತಿ ಮುಚ್ಕೊಳೋಕೆ ಮುಂಚೆ ಒಂದು ಗುಟುಕು ಕುಡೀಬೇಕು" ಎಂದಿರಿ. ಅಲ್ಲಿಯವರೆಗೆ ನೀವು ಕಾಯಿಸುತ್ತಿದ್ದುದು ಪಿಸ್ಕಾಟವೇಯ ನಿಮ್ಮ ಗೆಳೆಯ ಜಗದೀಶ್ ಅವರ ಹಂಡೆಯಲ್ಲಿ. ಅವರು ಟೆಕ್ಸಾಸಿಗೆ ಮನೆ ಬದಲಿಸಿದಾಗ ಹಂಡೆಯೂ ಅವರ ಜೊತೆ ಹೋಗಿತ್ತು. ಒಳ್ಳೆಯದನ್ನೇ ತರೋಣ ಎಂದೆ. "ಅಗ್ಗದ್ದು ಸಾಕು. ಅದೇನು ನನಗಿಂತ ಜಾಸ್ತಿ ಬಾಳಬೇಕಾ?" ಎಂದಿರಿ.

ಅಗ್ಗದ್ದು ಸಾಕು ಎಂದವರು ನೀವೇ. ಆದರೆ ಔಷಧ ಕಂಪನಿಗಳ ಉಕ್ಕಿನ ಟ್ಯಾಂಕುಗಳ ಬೆಸುಗೆ ಪರೀಕ್ಷಿಸಿ ತಲೆ ಬೆಳ್ಳಗಾದ ಮನುಷ್ಯನಿಗೆ ಹುಟ್ಟುಗುಣ ಎಲ್ಲಿ ಹೋಗಬೇಕು? ಮೊದಲ ಹಂಡೆ ಬಂದ ದಿನ ಫ್ರಿಜ್ಜಿನ ಮೇಲಿನ ಅಯಸ್ಕಾಂತ ಕಿತ್ತು ತಂದಿರಿ. ತಳಕ್ಕೆ ಅಂಟಿದರೆ ಚಿಂತೆಯಿಲ್ಲ, ಕರೆಂಟ್ ಒಲೆಗೆಂದು ಬೇಕಂತಲೇ ಹಾಗೆ ಮಾಡಿರುತ್ತಾರೆ, ಪಕ್ಕಕ್ಕೆ ಗಟ್ಟಿಯಾಗಿ ಅಂಟಬಾರದು, ಅಂಟಿದರೆ ಉಕ್ಕು ಕಳಪೆ ಎಂದು ನನಗೆ ಪಾಠ ಹೇಳಿದಿರಿ. ಅದು ಪಕ್ಕಕ್ಕೆ ಗೋಂದು ಹಚ್ಚಿದಂತೆ ಅಂಟಿತು. ಎರಡನೆಯದರ ನಲ್ಲಿಯ ಹಿಂದೆ ದಂತವೈದ್ಯರ ಪುಟ್ಟ ಕನ್ನಡಿ ತೂರಿಸಿ, ಟಾರ್ಚ್ ಬಿಟ್ಟು, ಬೆಸುಗೆಯ ಒಳಬದಿ ಕಪ್ಪಗೆ ಸುಟ್ಟಿರುವುದನ್ನು ತೋರಿಸಿದಿರಿ. "ಹೊರಗಡೆ ಎಲ್ಲಾ ಫಳಫಳ ಅಂತಾನೇ ಇರುತ್ತೆ. ಒಳಗೆ ಸಂದು ಬಿಟ್ಟಿದ್ರೆ ಅಲ್ಲೇ ಕೊಳೆ ಕೂರುತ್ತೆ" ಎಂದಿರಿ. ನಿಮ್ಮ ಒಳಗೆ ಕೂತಿದ್ದನ್ನು ಯಾವ ಕನ್ನಡಿಯೂ ಹೊತ್ತಿಗೆ ಸರಿಯಾಗಿ ತೋರಿಸಲಿಲ್ಲವಲ್ಲ ರೀ. ಮೂರನೆಯದರ ತಳವನ್ನು ಹೆಬ್ಬೆರಳಲ್ಲಿ ಒತ್ತಿದರೆ ಟಪಕ್ಕೆಂದು ಒಳಗೆ ಹೋಗಿ ಟಪಕ್ಕೆಂದು ಹೊರಗೆ ಬರುತ್ತಿತ್ತು. ಇಷ್ಟು ತೆಳುವಾದರೆ ಬಾರ್ಲಿಯ ರಸ ತಳ ಹಿಡಿಯುತ್ತದೆ ಎಂದಿರಿ.

ಪ್ರತಿ ಸಲವೂ ಹೊತ್ತುಕೊಂಡು ಹೋಗಿ ಅಂಗಡಿಗೆ ಹಿಂದಿರುಗಿಸುತ್ತಿದ್ದವಳು ನಾನು. ಕೌಂಟರಿನ ಟೋನಿ ನನ್ನನ್ನು ಕಂಡ ಕೂಡಲೇ ನಗುತ್ತಿದ್ದ. "ಯುವರ್ ಹಸ್ಬೆಂಡ್ ಈಸ್ ಎ ಟಫ್ ಗೈ" ಎನ್ನುತ್ತಿದ್ದ. ಹೌದಪ್ಪ ಎನ್ನುತ್ತಿದ್ದೆ. ಅಷ್ಟರಲ್ಲಿ ನೀವು ಮುದ್ದೆ ಬಿಟ್ಟು ಗಂಜಿಗೆ, ಗಂಜಿ ಬಿಟ್ಟು ತಿಳಿಸಾರಿಗೆ ಇಳಿದಿದ್ದಿರಿ.

ನಾಲ್ಕನೆಯದು ಬಂತು. ಅಯಸ್ಕಾಂತ ಜಾರಿ ಬಿತ್ತು. ಬೆಸುಗೆ ಬೆಳ್ಳಗಿತ್ತು. ತಳ ಅಲುಗಲಿಲ್ಲ. ನೀರು ತುಂಬಿಸಿ ನಲ್ಲಿಯ ಕೆಳಗೆ ಪೇಪರ್ ಹಾಸಿ ಸಂಜೆಯವರೆಗೂ ಕಾದಿರಿ, ಪೇಪರ್ ಒದ್ದೆಯಾಗಲಿಲ್ಲ. ನಮ್ಮಮ್ಮ ಮಂಡ್ಯದ ಪೇಟೆ ಬೀದಿಯಲ್ಲಿ ಪಾತ್ರೆ ಕೊಳ್ಳುವಾಗ ಮಾಡುತ್ತಿದ್ದಂತೆ ನಾನೂ ಗೆಣ್ಣಿನಿಂದ ಬಡಿದು ಕಿವಿಗೊಟ್ಟೆ. ದನಿ ತುಂಬಿಕೊಂಡಿತ್ತು. ನೀವು ಹಂಡೆಯ ಸುತ್ತ ಎರಡು ಸಲ ಬಂದಿರಿ. ಆಮೇಲೆ, "ಮುಚ್ಚಳ ಸರಿಯಾಗಿ ಕೂರ್ತಿಲ್ಲ ಕಣೆ. ವಾಪಸ್ ಕೊಟ್ಬಿಡು" ಎಂದಿರಿ.

ಸೌಜನ್ಯ ಬಾಗಿಲಲ್ಲಿ ನಿಂತಿದ್ದಳು. ಮುಚ್ಚಳವನ್ನು ಒಮ್ಮೆ ತಿರುಗಿಸಿ ನೋಡಿ, "ಡ್ಯಾಡ್, ದ ಲಿಡ್ ಈಸ್ ಫೈನ್" ಎಂದಳು. ನೀವು ಮಗಳ ಮುಖ ನೋಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಬೆಸುಗೆಯಲ್ಲಿ ಸುಳ್ಳು ಹಿಡಿಯುತ್ತಿದ್ದ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಒಂದು ಪಾತ್ರೆಯ ಮೇಲೆ ಸುಳ್ಳು ಹೇಳಿದ್ದ. ಒಳ್ಳೆಯ ಹಂಡೆ ಸಿಕ್ಕಿದರೆ ಬಿಯರ್ ಕಾಯಿಸಬೇಕು, ಕಾಯಿಸಿದ ಮೇಲೆ ಮಾಡುವುದಕ್ಕೆ ಇನ್ನೇನೂ ಉಳಿಯುವುದಿಲ್ಲ. ನನಗೆ ಆಗ ತಿಳಿಯಿತು.

ಆದರೆ ಗಂಟಲು ಕಾಯುತ್ತದೆಯೇ? ನಮ್ಮ ಕಡೆ ಪಾತ್ರೆ ಬಡಿದು ನೋಡುವುದು ಮೊದಲು, ಹೆಸರು ಕೊರೆಸುವುದು ಕೊನೆಗೆ. ಹೆಸರು ಬಿದ್ದ ಪಾತ್ರೆಯನ್ನು ಯಾವ ಅಂಗಡಿಯವನೂ ವಾಪಸ್ ಮುಟ್ಟುವುದಿಲ್ಲ. ನೀವು ಮಲಗಿದ್ದಾಗ ಗರಾಜಿಗೆ ಬಂದು, ಗೋಡೆಯಲ್ಲಿದ್ದ ಮೊಳೆಯೊಂದನ್ನು ಕಿತ್ತು, ಸುತ್ತಿಗೆ ಹಿಡಿದು, ಪೇಟೆ ಬೀದಿಯವರು ಹೊಡೆಯುತ್ತಿದ್ದಂತೆ ಚುಕ್ಕೆ ಚುಕ್ಕೆಯಾಗಿ ಹಂಡೆಯ ಅಂಚಿನ ಕೆಳಗೆ ನಿಮ್ಮ ಹೆಸರು ಹೊಡೆದೆ. ಚೆಲುವರಾಜು. ಬಾಯಲ್ಲಿ ಹೇಳದ ಹೆಸರನ್ನು ಸುತ್ತಿಗೆಯಲ್ಲಿ ಹೇಳಿದೆ. ಅಳು ಬಂದು ಕೊನೆಯ ಅಕ್ಷರ ಸೊಟ್ಟಗಾಯಿತು.

ಸದ್ದಿಗೆ ಎದ್ದು ಬಂದಿರಿ. ಹೆಸರಿನ ಮೇಲೆ ಬೆರಳಾಡಿಸಿದಿರಿ. ಬೈಯುತ್ತೀರಿ ಎಂದುಕೊಂಡೆ.

"ಕಬ್ಬಿಣದ ಮೊಳೇಲಿ ಹೊಡ್ದಿದೀಯಾ?"

"ಹೂಂ."

"ಕಬ್ಬಿಣದ ಕಣ ಉಕ್ಕಿನೊಳಗೆ ಉಳ್ಕೊಳುತ್ತೆ ಕಣೆ. ಅಲ್ಲೇ ತುಕ್ಕು ಹಿಡಿಯುತ್ತೆ."

ಈ ಕುರ್ಚಿಯಲ್ಲೇ ಕೂತಿರಿ. ಆಮೇಲೆ, "ಸರಿ, ನೀರಿಡು" ಎಂದಿರಿ. ಅಷ್ಟೇ ಹೇಳಿದ್ದು. ಸಾಯುವುದಕ್ಕೆ ನೀವು ಒಪ್ಪಿದ್ದು ಆಗಲೇ ಎಂದು ನನಗೆ ಗೊತ್ತು.

ಮರುದಿನ ಕಾಯಿಸಿದೆವು. ಮೊಳಕೆಯ ಬಾರ್ಲಿಯ ಜೊತೆ ಒಂದು ಹಿಡಿ ಮೊಳಕೆ ರಾಗಿ ಹಾಕಿಸಿದಿರಿ. ಗರಾಜೆಲ್ಲ ನಮ್ಮಮ್ಮ ಕೂಸುಗಳಿಗೆ ರಾಗಿ ಹುರಿಯುವಾಗಿನ ವಾಸನೆ. ನೀವು ಕೂತಲ್ಲಿಂದಲೇ ಕೈ ತೋರಿಸಿದಿರಿ, ನಾನು ತಿರುವಿದೆ. ತಳ ಹಿಡಿಯಲಿಲ್ಲ. ನಲ್ಲಿ ಒಂದು ಹನಿ ಸೋರಲಿಲ್ಲ. ಅದು ಹುಳಿಯಿತು, ಬಾಟಲಿಗಿಳಿಯಿತು, ಗ್ಯಾಸ್ ಕೂಡಲು ಇನ್ನೂ ಸ್ವಲ್ಪ ದಿನ ಬೇಕು ಎಂದಿರಿ. ಆ ಸ್ವಲ್ಪ ದಿನದೊಳಗೆ ನಿಮ್ಮ ಗಂಟಲಿನಲ್ಲಿ ನೀರೂ ಇಳಿಯದಾಯಿತು. ಕೊನೆಗೆ ಒಂದು ಬಾಟಲಿ ತೆರೆದು, ಹತ್ತಿ ಅದ್ದಿ ನಿಮ್ಮ ತುಟಿಗೆ ಒತ್ತಿದೆ. ನಿಮಗೆ ರುಚಿ ತಿಳಿಯಿತೋ ಇಲ್ಲವೋ, ಗೊತ್ತಿಲ್ಲ. ಕಣ್ಣು ಬಿಡಲಿಲ್ಲ.

ಹೆಸರು ಹೊಡೆದದ್ದಕ್ಕೆ ಪಶ್ಚಾತ್ತಾಪವಿಲ್ಲ. ನಾನು ಹಂಡೆ ಹಿಂದಿರುಗಿಸುತ್ತಲೇ ಇದ್ದಿದ್ದರೆ ಯಮ ಟೋನಿಯ ಕೌಂಟರಿನಲ್ಲಿ ಸಾಲು ಹಚ್ಚಿ ನಿಲ್ಲುತ್ತಿದ್ದನೇ? ಸಿಟ್ಟಿದೆ. ಯಾರ ಮೇಲೆ ಎಂದು ಕೇಳಬೇಡಿ, ಸಿಕ್ಕಸಿಕ್ಕವರ ಮೇಲಿದೆ.

ನೀವು ಹೇಳಿದ್ದು ನಿಜವಾಯಿತು. ಚುಕ್ಕೆಗಳಲ್ಲಿ ತುಕ್ಕು ಬಂದಿದೆ. ನಿಂಬೆ ಉಪ್ಪಿನಲ್ಲಿ ತೊಳೆದರೆ ಹೋಗುತ್ತದೆ ಎಂದು ನೀವೇ ಹೇಳಿಕೊಟ್ಟಿದ್ದಿರಿ. ತೊಳೆದಿಲ್ಲ. ಇವತ್ತು ನಿಮ್ಮ ಪರೀಕ್ಷೆಗಳನ್ನೆಲ್ಲ ನಾನೇ ಮತ್ತೆ ಮಾಡಿದೆ. ಅಯಸ್ಕಾಂತ, ಕನ್ನಡಿ, ಹೆಬ್ಬೆರಳು, ನೀರು. ಎಲ್ಲದರಲ್ಲೂ ಪಾಸಾಯಿತು. ಕೊನೆಗೆ ಮುಚ್ಚಳ ಇಟ್ಟೆ. ತಿರುಗಿಸಿ ತಿರುಗಿಸಿ ಇಟ್ಟೆ. ಸರಿಯಾಗಿಯೇ ಕೂರುತ್ತದೆ ರೀ. ಕೂರದಿದ್ದರೆ ಚೆನ್ನಾಗಿತ್ತು.

ನಾಳೆ ನಾಟಿ ಕೋಳಿ ಸಾರು, ಮುದ್ದೆ, ಪಕ್ಕದಲ್ಲಿ ನಿಮ್ಮದೇ ಬಾಟಲಿ ಇಟ್ಟಿರುತ್ತೇನೆ. ಹಸಿದುಕೊಂಡು ಬನ್ನಿ. ಗಂಟಲು ನೋಯದ ಹಾಗೆ, ನಿಧಾನವಾಗಿ, ಹೊಟ್ಟೆ ತುಂಬ ಕುಡಿದು ಹೋಗಿ.

ಇಂತಿ, ಬಾಗಿಲು ತೆಗೆದಿಟ್ಟುಕೊಂಡು ಕೂತಿರುವ ನಿಮ್ಮ
ನಳಿನಾಕ್ಷಿ